ತೊಂಬತ್ತರಲ್ಲಿ ನಡುಗುವ ಗಾಡಿ

"ಅಕ್ಕಾರ, ಗಾಡಿ ನಡಗತೈತೋ, ನಿಮ್ಮ ಕೈ ನಡಗತಾವೋ? ಮೊದ್ಲ ಅದನ್ನ ಹೇಳ್ರಿ."

ಹಾವೇರಿಯ ಗ್ಯಾರೇಜಿನಲ್ಲಿ ನನ್ನ ಬಾನೆಟ್ಟಿನ ಮೇಲೆ ಮೊಣಕೈ ಊರಿ ಹೀಗೆ ಕೇಳಿದವನು ಮೆಕ್ಯಾನಿಕ್ ದಾದಾಪೀರ. ಎದುರಿಗೆ ನನ್ನ ಒಡತಿ ನೀಲವ್ವ ನಿಂತಿದ್ದಳು. ಅಂಗನವಾಡಿ ಟೀಚರ್, ಇಪ್ಪತ್ತು ಮಕ್ಕಳನ್ನು ಒಂದೇ ಮಾತಿಗೆ ಕೂರಿಸುವವಳು. ಅವತ್ತು ಮಾತ್ರ ದನಿ ಸಣ್ಣದಾಗಿತ್ತು.

"ಗಾಡೀನ ನಡಗತೈತಪಾ. ಊರಾಗ ಏನೂ ಇಲ್ಲ. ಹೈವೇದಾಗ ತೊಂಬತ್ತಕ್ಕ ಬಂತಂದ್ರ ಸ್ಟೇರಿಂಗ್ ಜ್ವರ ಬಂದಂಗ ನಡಗತೈತಿ."

ಆ ಜ್ವರ ಬಂದವನು ನಾನೇ. ನಾನು ಒಂದು ಕಾರು. ಬಿಳಿ ಬಣ್ಣ, ನಾಲ್ಕು ಬಾಗಿಲು, ಈಗ ವಯಸ್ಸು ಹದಿನಾಲ್ಕು. ಹುಟ್ಟಿದ್ದು ದೂರದ ಒಂದು ದೊಡ್ಡ ಕಾರ್ಖಾನೆಯಲ್ಲಿ. ಕಬ್ಬಿಣದ ತೋಳುಗಳು ಕಿಡಿ ಹಾರಿಸುತ್ತ ನನ್ನ ಮೈ ಜೋಡಿಸಿದವು. ಕೊನೆಯಲ್ಲಿ ಒಬ್ಬ ಹೆಂಗಸು ಬಂದು ನನ್ನ ಬಾಗಿಲುಗಳನ್ನು ಒಂದೊಂದಾಗಿ ತೆಗೆದು, ಹಾಕಿ, ಕಿವಿಗೊಟ್ಟು ಆಲಿಸಿ ತಲೆಯಾಡಿಸಿದಳು. ಆಮೇಲೆ ಅಷ್ಟು ಗಮನವಿಟ್ಟು ನನ್ನನ್ನು ಕೇಳಿಸಿಕೊಂಡವರು ಯಾರೂ ಇಲ್ಲ.

ಮೊದಲ ಯಜಮಾನರು ಹುಬ್ಬಳ್ಳಿಯ ಒಬ್ಬ ಕಣ್ಣಿನ ಡಾಕ್ಟರು. ನನ್ನ ವೇಗ ಅರವತ್ತು ದಾಟಿಸಿದವರಲ್ಲ, ಎದುರಿಗೆ ಎಮ್ಮೆ ಕಂಡರೆ ನಿಲ್ಲಿಸಿ ಅದು ಹೋಗುವವರೆಗೂ ಕಾಯುತ್ತಿದ್ದರು. ಎರಡನೆಯವರು ರಾಣೆಬೆನ್ನೂರಿನ ಬೀಜದ ವ್ಯಾಪಾರಿ. ನನ್ನ ಹಿಂದಿನ ಸೀಟಿನ ಸಂದಿಯಲ್ಲಿ ಇಂದಿಗೂ ನಾಲ್ಕು ಹತ್ತಿಬೀಜ ಸಿಕ್ಕಾವು. ಮೂರನೆಯವನು ಫಕ್ಕೀರಪ್ಪ, ನೀಲವ್ವನ ಗಂಡ. ಬಸ್ ಕಂಡಕ್ಟರನಾಗಿದ್ದವನು, ಸ್ವತಃ ಗಾಡಿ ಓಡಿಸಲು ಬಾರದು. "ಇಪ್ಪತ್ತಾರು ವರ್ಷ ಡ್ರೈವರ್ ಹಿಂದ ನಿಂತೀನಿ, ಇನ್ನ ಹೆಂಡ್ತಿ ಬಾಜೂಕ ಕುಂಡರ್ತೀನಿ" ಎಂದು ನನ್ನನ್ನು ತಂದು, ನಲವತ್ತಾರು ವಯಸ್ಸಿನ ಅವಳಿಗೆ ಡ್ರೈವಿಂಗ್ ಕಲಿಸಿದ. ಕಲಿಸಿದ ಎಂದರೆ, ಪಕ್ಕದಲ್ಲಿ ಕೂತು "ಬರ್ಲಿ ಬರ್ಲಿ, ಹಾಂ, ಹೋಲ್ಡಾನ್" ಎಂದು ಕೂಗಿದ, ಅಷ್ಟೇ.

ಎರಡು ವರ್ಷ ಸುಖವಾಗಿದ್ದೆವು. ಆಮೇಲೆ ಫಕ್ಕೀರಪ್ಪನ ಬೆನ್ನೆಲುಬಿನಲ್ಲಿ ಗಡ್ಡೆ ಕಾಣಿಸಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಇಪ್ಪತ್ತೈದು ದಿನ ಕರೆಂಟು ಕೊಡಬೇಕು ಎಂದರು. ಗಡ್ಡೆ ಸುಡುವ ಆ ಯಂತ್ರದ ಚಿಕಿತ್ಸೆಗೆ ನಮ್ಮ ಕಡೆ ಜನ ಹಾಗೆಯೇ ಅನ್ನುತ್ತಾರೆ. ಅಲ್ಲೇ ರೂಮು ಹಿಡಿಯಲು ಅವನು ಒಪ್ಪಲಿಲ್ಲ. "ದಿನಾ ಸಂಜೀಕ ನನ್ನ ಮನಿ ಕಟ್ಟಿ ನನಗ ಕಾಣಬೇಕು" ಎಂದ. ಸರಿ, ದಿನಾ ಎಪ್ಪತ್ತು ಕಿಲೋಮೀಟರು ಹೋಗುವುದು, ಎಪ್ಪತ್ತು ಬರುವುದು.

ಚಿಕಿತ್ಸೆಯ ಹಿಂದಿನ ವಾರ ಶೀಗಿ ಹುಣ್ಣಿಮೆ ಬಂತು. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ಸೀಮಂತ ಮಾಡಿದಂತೆ ಸುತ್ತಲೂ ಅನ್ನದ ಚರಗ ಚೆಲ್ಲುವ ಹಬ್ಬ. ನಡೆಯಲಾರದ ಫಕ್ಕೀರಪ್ಪ ತಾನೇ ಚರಗ ಚೆಲ್ಲಬೇಕೆಂದು ಹಟ ಹಿಡಿದ. ನೀಲವ್ವ ನನ್ನನ್ನು ಹೊಲದೊಳಗೇ ಇಳಿಸಿದಳು. ಮಳೆ ಬಿದ್ದ ಎರೆಮಣ್ಣು, ಬೆಣ್ಣೆಯ ಹಾಗೆ. ಗಾಲಿ ಗರಗರ ತಿರುಗಿ ಹೂತಿತು. ಎಂಟು ಜನ ನಕ್ಕೊಂತ, ಬೈಕೊಂತ ತಳ್ಳಿ ಹೊರಗೆ ತಂದರು. ಮನೆಗೆ ಬಂದು ನನ್ನ ಮೈ ತೊಳೆದು ಫಳಫಳ ಮಾಡಿದರು. ಆದರೆ ಮುಂದಿನ ಎಡಗಾಲಿಯ ಒಳಬದಿಯಲ್ಲಿ, ಟೈರು ಕೂರುವ ಕಬ್ಬಿಣದ ಡಿಸ್ಕಿನ ಹಿಂದೆ, ಬೊಗಸೆ ಮಣ್ಣು ಹಾಗೇ ಉಳಿದು ಒಣಗಿ ಇಟ್ಟಿಗೆಯಾಯಿತು. ಕಪ್ಪು ಮಣ್ಣು, ಕಪ್ಪು ಡಿಸ್ಕು. ಬಗ್ಗಿ ನೋಡಿದರೂ ಕಾಣದು.

ನನ್ನ ಕಷ್ಟ ಇಷ್ಟೇ. ಒಂದು ಕಡೆ ಭಾರವಾದ ಗಾಲಿ ಮೆಲ್ಲಗೆ ತಿರುಗಿದರೆ ಗೊತ್ತಾಗುವುದಿಲ್ಲ. ತೊಂಬತ್ತಕ್ಕೆ ಬಂದಾಗ ಸೆಕೆಂಡಿಗೆ ಹತ್ತಾರು ಸಲ ನನ್ನನ್ನು ಜಗ್ಗುತ್ತದೆ. ಆ ಗಾಲಿಯ ಮೇಲೆಯೇ ಫಕ್ಕೀರಪ್ಪನ ಪಾದ. ನಡುಕ ಪಾದದಿಂದ ನೇರ ಬೆನ್ನಿಗೆ ಹೋಗುತ್ತಿತ್ತು. ನೀಲವ್ವ ಅರವತ್ತಕ್ಕೆ ಇಳಿಸಿದರೆ ನಡುಕವಿಲ್ಲ. ಆದರೆ ಒಂದು ತಾಸಿನ ಮೇಲೆ ಕೂತರೆ ಅವನ ಎಲುಬು ತಡೆಯುತ್ತಿರಲಿಲ್ಲ. ಜೋರಾಗಿ ಹೋದರೂ ನೋವು, ಮೆಲ್ಲಗೆ ಹೋದರೂ ನೋವು. ಅವನು ಹಲ್ಲು ಕಚ್ಚಿ, "ಡಕೋಟಾ ಬಸ್ಸಿನ ನೆನಪಾತು ನೋಡ ನೀಲಾ" ಎಂದು ನಗುತ್ತಿದ್ದ. ಸೀಟಿನ ಅಂಚು ಹಿಡಿದ ಅವನ ಬೆರಳು ನನಗೆ ಮಾತ್ರ ಗೊತ್ತು.

ದಾದಾಪೀರ ನನ್ನನ್ನು ಪೇಟೆಯಲ್ಲಿ ಒಂದು ಸುತ್ತು ಓಡಿಸಿದ. ಪೇಟೆಯಲ್ಲಿ ನಲವತ್ತರ ಮೇಲೆ ಯಾರು ಹೋಗುತ್ತಾರೆ? "ಹೂವಿನಂಗ ಐತ್ರಿ ಗಾಡಿ" ಎಂದು ಬೀಗದ ಕೈ ಕೊಟ್ಟ. ನನಗೆ ನಾಲಿಗೆ ಇದ್ದಿದ್ದರೆ! ಇರುವುದು ಹಾರ್ನು, ಅದನ್ನೂ ಬೇರೆಯವರೇ ಒತ್ತಬೇಕು.

ಚಿಕಿತ್ಸೆಯ ಎಂಟನೆಯ ದಿನ ನೀಲವ್ವ ನನ್ನನ್ನು ಟೈರಿನ ಅಂಗಡಿಗೆ ಒಯ್ದಳು. ಗಾಲಿಯನ್ನು ಯಂತ್ರಕ್ಕೆ ಹಾಕಿ ತಿರುಗಿಸಿದರು. ಹಗುರವಾದ ಕಡೆಗೆ ಸೀಸದ ತುಂಡು ಬಡಿದು ತೂಕ ಸರಿಮಾಡಿದರು. ಮಣ್ಣನ್ನು ಯಾರೂ ನೋಡಲಿಲ್ಲ; ಮಣ್ಣನ್ನೂ ಸೇರಿಸಿ ತೂಗಿದರು. ಮರುದಿನ ತೊಂಬತ್ತರಲ್ಲಿ ನಾನು ನೀರ ಮೇಲಿನ ದೋಣಿ! ಫಕ್ಕೀರಪ್ಪ ನಿದ್ದೆಯನ್ನೂ ಮಾಡಿದ. ನೀಲವ್ವ ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡಳು. ಸಂಜೆ ಬರುವಾಗ ಶಿಗ್ಗಾಂವಿಯ ಹತ್ತಿರ ಒಂದು ಉಬ್ಬು ಹಾರಿದೆ. ಅರ್ಧ ಮಣ್ಣು ಕಳಚಿ ಬಿತ್ತು. ಅದಕ್ಕೆಂದು ಬಡಿದ ಸೀಸ ಉಳಿಯಿತು. ನಡುಕ ತಿರುಗಿ ಬಂತು.

ಅಂಗಡಿಯವನು ಒಪ್ಪಲಿಲ್ಲ. "ಮಷೀನ್ ಸುಳ್ಳ ಹೇಳೂದಿಲ್ರೀ ಟೀಚರ್." ಫಕ್ಕೀರಪ್ಪನ ತಮ್ಮ ವೀರಭದ್ರ ಕಟ್ಟೆಯ ಮೇಲೆ ಕೂತು ತೀರ್ಪು ಕೊಟ್ಟ: "ವೈನಿ, ಗಾಡಿಗೆ ಏನೂ ಆಗಿಲ್ಲ. ನೀವು ಸ್ಟೇರಿಂಗ್ ಹಿಡಿಯೂದ ರೊಟ್ಟಿ ತಟ್ಟಿದಂಗ. ಅಣ್ಣನ ಬೆನ್ನ ಮುರಿಯಾಕತ್ತೀರಿ."

ಅಂದು ರಾತ್ರಿ ನೀಲವ್ವ ಕತ್ತಲೆಯಲ್ಲಿ ಒಬ್ಬಳೇ ಬಂದು ನನ್ನ ಸ್ಟೇರಿಂಗನ್ನು ಸಡಿಲವಾಗಿ, ಬಿಗಿಯಾಗಿ, ಮತ್ತೆ ಸಡಿಲವಾಗಿ ಹಿಡಿದು ನೋಡಿದಳು. ತಪ್ಪು ತನ್ನ ಕೈಯಲ್ಲೇ ಇದೆ ಎಂದು ಆಗಲೇ ನಂಬಿದ್ದಳು.

ಹತ್ತೊಂಬತ್ತನೆಯ ದಿನ ಬಂದು ಇಳಿದ ಫಕ್ಕೀರಪ್ಪ, "ಸಾಕು ನೀಲಾ. ನಾಳಿಂದ ಬ್ಯಾಡ" ಎಂದ. ತಮ್ಮನ ಜೀಪು ಬೇಡ ಎಂದ, ಬಾಡಿಗೆ ಗಾಡಿಯೂ ಬೇಡ ಎಂದ. ಹೆಂಡತಿಯ ಕೈ ತಪ್ಪೆಂದು ಊರಿಗೇ ಸಾರಿದಂತಾಗುತ್ತದೆ ಎಂದುಕೊಂಡನೋ ಏನೋ. ಆಸ್ಪತ್ರೆಯಿಂದ ಫೋನು ಬಂತು. ನಡುವೆ ಬಿಟ್ಟರೆ ಹಿಂದಿನದೂ ನೀರಿನಲ್ಲಿ ಹೋಮ, ನಾಲ್ಕು ದಿನದೊಳಗೆ ಬನ್ನಿ ಎಂದರು.

ಮೂರನೆಯ ದಿನ ಅವಳು ಅಂಗನವಾಡಿಯ ಮೊಟ್ಟೆ ತರಲು ಹೋದಾಗ ನನ್ನ ಎಡಗಾಲಿಗೆ ಮೊಳೆ ಹೊಕ್ಕಿತು. ಪಂಕ್ಚರ್ ಹಾಕುವ ಹಜರೇಸಾಬ ಮುದುಕ. ಟ್ರ್ಯಾಕ್ಟರ್ ಗಾಲಿಗಳ ನಡುವೆಯೇ ಬಾಳಿದವನು. ಗಾಲಿ ಬಿಚ್ಚಿ ಬೋರಲು ಹಾಕಿ, ಡಿಸ್ಕಿನ ಒಳಗೆ ಬೆರಳಾಡಿಸಿ ನಿಂತ.

"ಇದ್ಯಾವ ಹೊಲಾ ಹೊತಗೊಂಡ ತಿರಗಾಕತ್ತೀ ಬೇ ಯವ್ವಾ?"

ಉಳಿಯಿಂದ ಬಡಿದ. ಕಪ್ಪು ಹೆಂಟೆಗಳು ಬಿದ್ದವು. ನೀಲವ್ವ ಅಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟಳು.

"ಕಾಕಾ, ಇದಕ್ಕ ನಡಗತಿತ್ತಾ?"

"ಇನ್ನ ಯಾತಕ್ಕ? ಈ ಸೀಸಾನೂ ತಗದ ಒಗೀತೀನಿ. ಹುಬ್ಬಳ್ಳ್ಯಾಗ ಹೊಸದಾಗಿ ತೂಕಾ ಹಾಕಸು."

ನಾನು ಬರೀ ಲೋಹ. ಹತ್ತೊಂಬತ್ತು ದಿನ ಒಬ್ಬ ಮನುಷ್ಯನ ಬೆನ್ನಿಗೆ ನೋವು ಹೊತ್ತು ಹಾಕಿದೆ. ಕಾರಣ ಗೊತ್ತಿದ್ದೂ ಹೇಳಲಾಗಲಿಲ್ಲ. ಯಾರ ಮೇಲೆ ತಪ್ಪು ಹೊರಿಸಲಿ? ಎಲ್ಲರೂ ನೋಡಿದರು, ಕಾಣುವ ಮುಖವನ್ನು ಮಾತ್ರ ನೋಡಿದರು.

ನೀಲವ್ವ ಹುಬ್ಬಳ್ಳಿಗೆ ಹೋಗಿ ತೂಕ ಹಾಕಿಸಿ, ನೂರರವರೆಗೂ ಓಡಿಸಿ ನೋಡಿ ಬಂದಳು. ಕಟ್ಟೆಯ ಮೇಲೆ ಮಲಗಿದ್ದ ಗಂಡನ ಮುಂದೆ ನಿಂತಳು.

"ಏಳ್ರಿ. ಗಾಲ್ಯಾಗ ಹೊಲದ ಮಣ್ಣ ಕುಂತಿತ್ತು, ತಗಸೀನಿ. ಇನ್ನ ಆರು ದಿನಾ ಅಷ್ಟ. ನಾಳೆ ಹೋಗೂಣು."

"ಸೀಸಾ ಬಡಿಸಿಕೊಂಡ ಬಂದಾವತ್ತೂ ಹಿಂಗ ಅಂದಿದ್ದಿ ನೀಲಾ."

"ಅಂದಿದ್ನಿ."

"ನಾಳೆ ನಡಗಿದ್ರ?"

"ಅಲ್ಲೇ ನಿಲ್ಲಸ್ತೀನಿ. ತಿರಗಿ ಬರೂಣು. ಆಮ್ಯಾಲ ಕೇಳೂದಿಲ್ಲ."

ಅವನು ಗೋಡೆಯ ಕಡೆ ಹೊರಳಿದ.

ಮರುದಿನ ಬೆಳಿಗ್ಗೆ ಏಳಕ್ಕೆ ಅವಳು ನನ್ನ ಎಡಬಾಗಿಲು ತೆರೆದಿಟ್ಟು, ತನ್ನ ಸೀಟಿನಲ್ಲಿ ಬಂದು ಕೂತಳು. ಕರೆಯಲಿಲ್ಲ. ಕೀಲಿಯ ಮೇಲೆ ಕೈ ಇತ್ತು, ತಿರುಗಿಸಲಿಲ್ಲ. ಏಳೂಕಾಲು ಆಯಿತು. ಒಳಗೆ ಮಂಚ ಕಿರುಗುಟ್ಟಿತು. ಆಮೇಲೆ ನೆಲಕ್ಕೆ ಊರುಗೋಲು ತಾಗಿದ ಸದ್ದು. ನಿಂತಿತು. ಎಷ್ಟೋ ಹೊತ್ತಿನ ಮೇಲೆ ಮತ್ತೊಂದು ಸದ್ದು, ಹೊಸ್ತಿಲಿನ ಈಚೆಗೆ, ನನ್ನ ಕಡೆಗೆ.