ಕಲ್ಲಿಲ್ಲದ ಕೂಸು

ಅಂದಪ್ಪ ಮಾಸ್ತರರ ಆಟ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಲವತ್ತೆಂಟರ ಶ್ರಾವಣ. ಸುತ್ತಲ ಊರುಗಳಿಗೆ ನಿಜಾಮನ ಕಡೆಯ ದಂಡು ನುಗ್ಗಿ ಬೆಂಕಿ ಇಡುತ್ತಿತ್ತು. ಹೊಳೆ ದಾಟಿದರೆ ನಿಜಾಮನ ಸೀಮೆ ಮುಗಿದು ಜೀವ ಉಳಿಯುತ್ತದೆ. ಸಾಣಾಪುರದ ನಮ್ಮ ಓಣಿಯ ಬಹುತೇಕ ಗಂಡಸರು ಆಗಲೇ ಆಚೆ ಸೇರಿದ್ದರು. ಉಳಿದವರಿಗೆ ದಾಟುವುದನ್ನು ಕಲಿಸಲು ಮಾಸ್ತರರು ನಮ್ಮ ಪಡಸಾಲೆಯಲ್ಲಿ ಹೊಳೆ, ಜೊಂಡು, ದಾರಿ ಗೀಚಿ, ಆಳಿಗೊಂದು ಕಲ್ಲಿಟ್ಟು ಆಡಿಸುತ್ತಿದ್ದರು.

"ದಂಡಿನವ್ರು ಊರ ಅಗಸಿ ಬಾಗಿಲ ಕಡಿಂದ ಬಂದ್ರು. ಭೀಮಕ್ಕ, ಏನ್ ಮಾಡ್ತಿ?"

"ಕುರುಡಿ ಅತ್ತಿ ಕೈ ಹಿಡಕೊಂಡು ಹಿತ್ತಲದಾಗಿಂದ ಓಡ್ತೀನ್ರಿ," ಎಂದು ಎರಡು ಕಲ್ಲು ಸರಿಸುತ್ತಿದ್ದೆ. ತಪ್ಪಿದರೆ ಆ ಕಲ್ಲು ಸತ್ತಂತೆ. ಮತ್ತೆ ಮೊದಲಿನಿಂದ ಆಡಬೇಕು.

ಆಗ ನಾನು ತುಂಬಿದ ಬಸುರಿ. ಹೆಣ್ಣು ಕೂಸು ಹೆತ್ತು ಬಾಣಂತಿ ಕೋಣೆ ಸೇರಿದ ಮೇಲೆ, ಒಳಬಾಗಿಲ ಸಂದಿನಿಂದ ಕೇಳಿಯೇಬಿಟ್ಟೆ. "ನನ್ನ ಕೂಸಿನ ಕಲ್ಲು ಎಲ್ಲೈತ್ರಿ?"

ಅತ್ತೆ ಯಂಕವ್ವ ಕುಳಿತಲ್ಲೇ ಗದರಿದಳು. "ಬಾಯಿ ಮುಚ್ಚ! ಇನ್ನೂ ತೊಟ್ಲಾಗ ಹಾಕಿಲ್ಲ, ಹೆಸರಿಟ್ಟಿಲ್ಲ. ಹೆಸರಿಲ್ಲದ ಕೂಸಿನ್ನ ಯಾರರ ಎಣಿಸ್ತಾರೇನ? ಕೇಡು ಬಡೀತೈತಿ."

"ಹೋಗ್ಲಿ ಬಿಡವಾ," ಎಂದರು ಮಾಸ್ತರರು. "ಕೂಸು ಹೆಂಗೂ ನಿನ್ನ ಉಡ್ಯಾಗ ಇರತೈತಿ."

ದಂಡು ಬಂದದ್ದು ಮರುದಿನ ಬೆಳಗ್ಗೆಯೇ. ಆಟ ಸುಳ್ಳಾಗಲಿಲ್ಲ ನೋಡಿ. ಯಾರೂ ಎಡವಲಿಲ್ಲ, ಯಾರೂ ಚೀರಲಿಲ್ಲ. ಎಲ್ಲರೂ ಜೊಂಡಿನೊಳಗೆ ಉಸಿರು ಬಿಗಿಹಿಡಿದು ಕುಳಿತೆವು. ಅಂಬಿಗರ ಗೋಣೆಪ್ಪ ಹರಿಗೋಲು ತರುತ್ತಿದ್ದ. ದಂಡೆಯ ಮೇಲೆ ಕುದುರೆಗಳ ಸದ್ದು ಕೇಳಿತು.

ಆಗ ಕೂಸು ಅಳತೊಡಗಿತು.

ಎದೆಗೆ ಒತ್ತಿಕೊಂಡೆ. ಹೆದರಿಕೆಗೆ ಹಾಲೇ ಬತ್ತಿಹೋಗಿತ್ತು. ಬಾಯಿಗೆ ಸೆರಗು ಒತ್ತಿದರೆ ಮುಖ ನೀಲಿಯಾಯಿತು. ತೆಗೆದೆ, ಮತ್ತೆ ಚೀರಿತು. ಎಲ್ಲರ ಕಣ್ಣೂ ನನ್ನ ಮೇಲೆ. ಬಾಯಿಬಿಟ್ಟು ಯಾರೂ ಹೇಳಲಿಲ್ಲ, ಆದರೆ ಏನು ಬೇಡುತ್ತಿದ್ದಾರೆಂದು ನನಗೆ ತಿಳಿಯಿತು. ಅಯ್ಯೋ ಶಿವನೇ!

"ಮಾಸ್ತರ್ರ, ಈಗೇನ್ ಮಾಡ್ಲಿ? ಹೇಳ್ರಿ!"

ಅವರು ಮುಖ ತಿರುಗಿಸಿದರು. ಇದನ್ನು ನಾವು ಆಡಿರಲೇ ಇಲ್ಲ.

ಕೂಸಿನ ಕಿವಿಗೆ ಬಾಯಿ ಹಚ್ಚಿ, "ಹುಲಿಗವ್ವ, ಹುಲಿಗವ್ವ, ಹುಲಿಗವ್ವ" ಎಂದೆ. ಅತ್ತೆಯ ಕೈಯನ್ನು ಮಾಸ್ತರರ ಕೈಯಲ್ಲಿಟ್ಟೆ.

"ಇಕೀಗೆ ಹೆಸರು ಬಂತು. ಇನ್ನ ಎಣಿಸ್ರಿ."

ಜೊಂಡು ಸರಿಸಿ ಎದ್ದು ಬಯಲಿಗೆ ಬಂದು, ಹೊಳೆಗೆ ಬೆನ್ನು ಮಾಡಿ ಗುಡ್ಡದ ಕಡೆ ಓಡಿದೆ. ಕೂಸು ಗಂಟಲು ಹರಿಯುವಂತೆ ಅಳುತ್ತಿತ್ತು. "ಅಳು ನನ್ನವ್ವ, ಇನ್ನೂ ಜೋರಾಗಿ ಅಳು," ಎಂದೆ.

ಬಂಡೆಯ ಮೇಲಿಂದ ತಿರುಗಿ ನೋಡಿದಾಗ ಹರಿಗೋಲು ನಡುಹೊಳೆಯಲ್ಲಿತ್ತು. ಕುದುರೆಗಳೆಲ್ಲ ನನ್ನ ಹಿಂದೆ ಬರುತ್ತಿದ್ದವು.