ಹೊರಗಿನಿಂದ ನೋಡಿದ ಗುಡಿಗಳು

ದಿಲೀಪನಿಗೆ ಸರಿಯಾಗಿ ಬೈಯಬೇಕು ಅಂದುಕೊಂಡೇ ಅವತ್ತು ಅವರ ಮನೆಗೆ ಹೋಗಿದ್ದೆ. ಅವನ ಹೆಂಡತಿ ತೇಜುವಿನ ಅಪ್ಪ ಮೈಸೂರಿನಲ್ಲಿ ತೀರಿಕೊಂಡು ನಾಲ್ಕು ದಿನವಾಗಿತ್ತು. ತೇಜುಗೆ ಮಾತ್ರ ಗೊತ್ತಿರಲಿಲ್ಲ. ಇಬ್ಬರೂ ಜಪಾನ್ ನೋಡಲು ಹೋಗಿದ್ದಾಗ ಅವಳ ಅಣ್ಣ ದಿಲೀಪನಿಗೆ ಫೋನ್ ಮಾಡಿ, "ಸಂಜೆಯೊಳಗೆ ಎಲ್ಲ ಮುಗಿಸ್ತೀವಿ, ಹೊರಟ್ರೂ ಅವಳಿಗೆ ಮುಖ ಸಿಗಲ್ಲ. ಗುರುತು ಪರಿಚಯ ಇಲ್ಲದ ಊರಲ್ಲಿ ಅಳಿಸಬೇಡಿ, ಮನೆಗೆ ಕರ್ಕೊಂಡು ಹೋಗಿ ಹೇಳಿ" ಅಂದಿದ್ದನಂತೆ.

ಈ ಮಹಾರಾಯ ಮನೆಗೇನೋ ಕರೆತಂದ. ಹೇಳುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ. "ಚಂದ್ರಕ್ಕ, ನನ್ನ ಕೈಲಿ ಆಗ್ತಿಲ್ಲ, ನೀವೇ ಹೇಳಿ" ಅಂತ ಡಬ್ಲಿನ್ ಏರ್‌ಪೋರ್ಟಿನಿಂದ ಮೆಸೇಜು. ಮಾರನೆಯ ದಿನಕ್ಕೇ ಬೆಂಗಳೂರಿಗೆ ಟಿಕೆಟ್ ಮಾಡಿಸಿದ್ದ. ಅಷ್ಟರೊಳಗೆ ಹೇಳಲೇಬೇಕಿತ್ತು. ಐರ್ಲೆಂಡಿನ ಈ ಬ್ಯಾಲಿನ್‌ಕೊಲಿಗ್ ಊರಿನಲ್ಲಿ ನಮ್ಮದೂ ಅವರದೂ ಅಂಟಿಕೊಂಡ ಮನೆ. ನಾನಲ್ಲದೆ ಇನ್ಯಾರು? ಅನ್ನ ಸಾರು ಡಬ್ಬಿಗೆ ಹಾಕಿಕೊಂಡು ಹೋದೆ.

ಬಾಗಿಲು ತೆಗೆದ ತೇಜು ಮುಖದಲ್ಲಿ ಸುಸ್ತಿಗಿಂತ ಸಡಗರವೇ ಹೆಚ್ಚಿತ್ತು.

"ಬನ್ನಿ ಚಂದ್ರಕ್ಕ, ಹೇಗಿದೀರಾ?"

"ಗ್ರ್ಯಾಂಡ್ ಕಣೆ" ಅಂದೆ. ನನ್ನ ಬಾಯಿಗಿಷ್ಟು ಬೆಂಕಿ ಹಾಕ. ಚೆನ್ನಾಗಿದೀನಿ ಅನ್ನುವುದಕ್ಕೆ ಇಲ್ಲಿಯವರ ಮಾತು ಅದು; ಈ ಐರ್ಲೆಂಡಿನಲ್ಲಿ ಹತ್ತು ವರ್ಷ ಇದ್ದರೆ ಯಾರೇ ಸತ್ತಿರಲಿ, ಬಾಯಿಗೆ ಬರುವುದು ಅದೊಂದೇ.

ನಾನು ಮಾತು ಶುರುಮಾಡುವ ಮೊದಲೇ ಅವಳು ನನ್ನನ್ನು ಸೋಫಾದ ಮೇಲೆ ಕೂರಿಸಿ ಜಪಾನಿನ ಫೋಟೋ ತೋರಿಸಲು ಫೋನ್ ತೆಗೆದಳು. ದಿಲೀಪ ಕಿಟಕಿಯ ಹತ್ತಿರ ನಿಂತಿದ್ದ, ನಮ್ಮ ಕಡೆ ತಿರುಗಲಿಲ್ಲ.

ಕ್ಯೋಟೋ ನಗರದ ಹಳೆಯ ಕೇರಿಯಂತೆ, ಹಿಗಾಶಿಯಾಮ ಅಂತ ಹೆಸರು. ಕಲ್ಲುಹಾಸಿನ ಏರು ಓಣಿ, ಎರಡೂ ಕಡೆ ಮಾಸಲು ಬಣ್ಣದ ಮರದ ಮನೆಗಳು, ತುದಿಯಲ್ಲಿ ಐದಂತಸ್ತಿನ ಗೋಪುರ. ಬಾಡಿಗೆ ಕಿಮೋನೋ ಉಟ್ಟ ತೇಜು ಓಣಿಯ ತುಂಬ ನಗುತ್ತಿದ್ದಳು.

"ಎಲ್ಲಾ ಅಪ್ಪಂಗೆ ಕಳಿಸಿದೀನಿ. ಕೊನೇದ್ ಯಾವ್ದಕ್ಕೂ ಉತ್ತರಾನೇ ಇಲ್ಲ. ಫೋನ್ ರಿಪೇರಿಗೆ ಹೋಗಿದೆ ಅಂತ ಅಣ್ಣ ಅಂದ. ನೋಡಿದ್ರೆ ಸುಮ್ನಿರ್ತಿದ್ರಾ? ಮರದ ಮನೆಗೆ ಗೆದ್ದಲು ಹಿಡಿಯಲ್ವಾ, ಕೇಳ್ಕೊಂಡು ಬಾ ಅಂತಿದ್ರು."

ಈಗ ಹೇಳುತ್ತೇನೆ, ಈ ಫೋಟೋ ಆಗಲಿ, ಇನ್ನೊಂದು ಆಗಲಿ ಅಂತ ಮುಂದೂಡುತ್ತಾ ಹೋದೆ.

"ಆದ್ರೆ ಇವನು ಮಾಡಿದ್ದು ಕೇಳಿ ಚಂದ್ರಕ್ಕ. ಕೊನೇ ಎರಡು ದಿನ ಒಂದು ಗುಡಿಯೊಳಗೂ ಕಾಲಿಡಕ್ಕೆ ಬಿಡಲಿಲ್ಲ. ಆ ಊರಲ್ಲಿ ಎಲ್ಲಿ ತಿರುಗಿದ್ರೂ ಗುಡಿ! ಒಂದ್ಕಡೆ ರಶ್ ಅಂದ, ಒಂದ್ಕಡೆ ಕಾಲುನೋವು ಅಂದ. ಕೆಂಪು ಕಂಬದ ದೊಡ್ಡ ಬಾಗಿಲಲ್ಲಿ ನನ್ನ ಕೈ ಹಿಡ್ಕೊಂಡು ನಿಂತೇಬಿಟ್ಟ, ಹೊರಗಿಂದಾನೇ ಚೆನ್ನಾಗಿದೆ ಅಂತ."

ದಿಲೀಪನ ಕಡೆ ನೋಡಿದೆ. ಅವನು ತಲೆ ತಗ್ಗಿಸಿದ. ಆಗ ನನಗೆ ಹೊಳೆಯಿತು. ಸೂತಕ. ಅಪ್ಪ ಸತ್ತರೆ ಮದುವೆಯಾದ ಮಗಳಿಗೂ ಮೂರು ದಿನ ಉಂಟು, ಗುಡಿಗೆ ಹೋಗುವಂತಿಲ್ಲ. ಸುದ್ದಿ ಕಿವಿಗೆ ಬೀಳುವ ತನಕ ಅದು ತಾಗುವುದಿಲ್ಲ ಅನ್ನುತ್ತಿದ್ದರು ನಮ್ಮ ಮನೆಯಲ್ಲಿ. ಪಂಚಾಂಗದ ಮುಖ ನೋಡದ ಈ ಹುಡುಗನಿಗೆ ಅದೆಲ್ಲಿ ಗೊತ್ತು? ಮುಂದೆ ಯಾವತ್ತೋ ದಿನ ಎಣಿಸಿ ಇವಳು ಕೊರಗಬಾರದು ಅಂತ, ದೇವರನ್ನೇ ನಂಬದವನು ಗುಡಿ ಗುಡಿಯ ಬಾಗಿಲಲ್ಲಿ ಅಡ್ಡ ನಿಂತಿದ್ದಾನೆ. ಬೈಯಲು ಬಂದವಳಿಗೆ ಅಳು ಬಂದುಬಿಟ್ಟಿತು.

ತೇಜು ಮಾತು ನಿಲ್ಲಿಸಿದಳು. ನನ್ನನ್ನು ನೋಡಿದಳು, ಗಂಡನನ್ನು ನೋಡಿದಳು. ಎಂಥ ದಿನಗಳಲ್ಲಿ ಗುಡಿಯ ಹೊರಗೆ ನಿಲ್ಲುತ್ತಾರೆ ಅಂತ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಚಂದ್ರಕ್ಕ, ಅಪ್ಪನ ಫೋನ್ ರಿಪೇರಿಗೆ ಹೋಗಿಲ್ಲ ಅಲ್ವಾ?"

"ಇಲ್ಲ ಕಣೆ" ಅಂದೆ. "ಹಾರ್ಟ್ ಅಂತೆ. ನಿದ್ದೇಲೇ ಹೋಗ್ಬಿಟ್ರಂತೆ."

ತಬ್ಬಿಕೊಂಡೆ. ಅವಳು ಮರದ ಹಾಗೆ ಕೂತಿದ್ದಳು, ಅಳಲಿಲ್ಲ. ನನ್ನ ಕೈ ಬಿಡಿಸಿಕೊಂಡು ಎದ್ದು ಹೋಗಿ ದಿಲೀಪನ ಮುಂದೆ ಫೋನ್ ಹಿಡಿದಳು.

"ಇದು ತೆಗೆಯುವಾಗ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಹಿಂದಿನ ಫೋಟೋಗೆ ಸರಿಸಿದಳು. "ಇದು?"

ಅವನು ಹೌದೆಂದು ತಲೆಯಾಡಿಸಿದ. ಇನ್ನೊಂದು. ಮತ್ತೊಂದು. ಎಲ್ಲದಕ್ಕೂ ತಲೆಯಾಡಿಸುತ್ತಲೇ ಇದ್ದ, ಕಣ್ಣೀರು ಗಡ್ಡಕ್ಕೆ ಇಳಿಯುತ್ತಿತ್ತು. ಕೊನೆಗೆ ಒಂದು ಕೊಡೆ ಅಂಗಡಿಯ ಫೋಟೋ ಬಂತು. ಅಲುಗಿಹೋಗಿತ್ತು, ಅದರಲ್ಲಿ ತೇಜು ಬೆನ್ನು ಮಾತ್ರ ಕಾಣುತ್ತಿತ್ತು.

"ಇದು?"

"ಇಲ್ಲ" ಅಂದ. "ಇದಾದ ಮೇಲೆ ಅಣ್ಣನ ಫೋನ್ ಬಂತು."

ತೇಜು ಆ ಫೋಟೋವನ್ನು ತುಂಬ ಹೊತ್ತು ನೋಡಿದಳು.

"ಹಾಗಾದ್ರೆ ಇಲ್ಲಿಂದಾಚೆ ನಗ್ತಿದ್ದಿದ್ದು ನಾನೊಬ್ಳೇ" ಅಂದಳು. ಆಮೇಲೆ "ಅಪ್ಪಾ" ಅಂತ ಕೂಗಿದಳು.