ನಾಲ್ಕನೆಯ ಪುಸ್ತಕ ಆಮೇಲೆ

ಗಡಿಯಾರ ರಿಪೇರಿಯವನಿಗೆ ಯಾವ ಕೆಲಸವೂ ಅನುಕ್ರಮವಾಗಿ ನಡೆಯದಿದ್ದರೆ ಮೈ ಉರಿಯುತ್ತಿತ್ತು. ಬಿಚ್ಚಿದ ಸ್ಕ್ರೂಗಳನ್ನೂ ಬಿಚ್ಚಿದ ಸಾಲಿನಲ್ಲೇ ಇಡುವ ಆಸಾಮಿ. ಹೋದ ವರ್ಷ ಮದುವೆಯಾಗಿ ಈ ಮನೆಗೆ ಬಂದವನು, ಹೆಂಡತಿಯ ಮಗಳ ಜೊತೆ ನಾಲ್ಕು ಮಾತಾಡಲು ನೆಪ ಹುಡುಕುತ್ತಾ ಅವಳ ಕಪಾಟಿನ ಮುಂದೆ ನಿಂತಿದ್ದ. ಅಲ್ಲಿ ಆಕಾಶನೌಕೆಯೊಂದರ ಕತೆಯ ಐದು ಪುಸ್ತಕಗಳಿದ್ದವು. ಎಲ್ಲದರ ಬೆನ್ನುಡಿಯನ್ನೂ ಓದಿ ಅವನು ನಾಲ್ಕನೆಯದನ್ನು ಕೈಗೆತ್ತಿಕೊಂಡ.

"ಇದ್ರಿಂದ ಶುರು ಮಾಡ್ತೀನಿ. ನೌಕೆ ಕಟ್ಟಿದ್ದು, ಹೊರಟಿದ್ದು ಎಲ್ಲ ಇದ್ರಲ್ಲೇ ಇದೆಯಲ್ಲ."

"ಬೇಡ ಅಂಕಲ್. ಬರೆದ ಸಾಲಲ್ಲೇ ಓದಿ, ಮೊದಲನೇದ್ರಿಂದ."

"ಅದು ಅರ್ಧ ದಾರೀಲಿ ಶುರುವಾಗುತ್ತಮ್ಮ. ತಲೆಬುಡ ಗೊತ್ತಾಗ್ಬೇಡ್ವಾ?"

ಹುಡುಗಿ ಅವನನ್ನೇ ನೋಡಿದಳು. "ನೀವು ನಮ್ಮನೆಗೆ ಬಂದಿದ್ದೂ ಅರ್ಧ ದಾರೀಲೇ ಅಲ್ವಾ?"

ಕ್ರಮ, ಶಿಸ್ತು ಎಂದು ಗಿರಾಕಿಗಳ ತಲೆ ತಿನ್ನುವವನಿಗೆ ಇದು ಹೊಳೆದೇ ಇರಲಿಲ್ಲ. ಕೈಲಿದ್ದ ಪುಸ್ತಕದ ರಟ್ಟು ತೆರೆದ. ಒಳಗೆ, ತೀರಿಕೊಂಡ ಅವಳ ಅಪ್ಪನ ಕೈಬರಹ: 'ನನ್ನ ಪುಟ್ಟಿಗೆ.'

ಅವಳು ಪುಸ್ತಕವನ್ನು ಮೆಲ್ಲನೆ ಅವನ ಕೈಯಿಂದ ತೆಗೆದುಕೊಂಡು, ಮೊದಲನೆಯದನ್ನು ಕೊಟ್ಟಳು.

"ಇದನ್ನ ಆಮೇಲೆ ನಾನೇ ಕೊಡ್ತೀನಿ."

"ಆಗ್ಲಿ," ಎಂದ. ಯಾವಾಗ ಎಂದು ಗಡಿಯಾರದವನು ಕೇಳಲಿಲ್ಲ.